ಲ್ಯಾಂಗ್ಲಿ ಕಾಲಿಯರ್ ಯಾಕೆ ಪೇಪರ್ ಕೂಡಿಟ್ಟ?

ಲ್ಯಾಂಗ್ಲಿ ಕಾಲಿಯರ್ ಎಂಜಿನಿಯರಿಂಗ್ ಓದಿದವನು, ಚೆನ್ನಾಗಿ ಪಿಯಾನೋ ನುಡಿಸುತ್ತಿದ್ದ. ಅಪ್ಪ ವೈದ್ಯ, ಅಣ್ಣ ಹೋಮರ್ ಲಾಯರ್. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ದೊಡ್ಡ ಸ್ವಂತ ಮನೆ.

1923ರಲ್ಲಿ ಅಪ್ಪ, 1929ರಲ್ಲಿ ಅಮ್ಮ ತೀರಿಕೊಂಡರು. ಅವರ ಸಾಮಾನೆಲ್ಲ ಮನೆಯಲ್ಲೇ ಉಳೀತು. 1933ರಲ್ಲಿ ಹೋಮರ್‌ಗೆ ಕಣ್ಣು ಹೋಯಿತು. ಕಿತ್ತಳೆ ತಿಂದರೆ ದೃಷ್ಟಿ ಮರಳುತ್ತೆ ಅಂತ ಲ್ಯಾಂಗ್ಲಿ ನಂಬಿದ. ಆ ದಿನ ಅಣ್ಣನಿಗೆ ಓದೋಕೆ ಬೇಕಲ್ಲ ಅಂತ ದಿನಪತ್ರಿಕೆಗಳನ್ನೆಲ್ಲ ಎತ್ತಿಟ್ಟ. ರಾತ್ರಿ ಹೊರಗೆ ಹೋಗಿ ಕೈಗೆ ಸಿಕ್ಕಿದ್ದನ್ನು ಹೊತ್ತು ತಂದ. ಕಳ್ಳರ ಭಯಕ್ಕೆ ಸಾಮಾನಿನ ರಾಶಿಯಲ್ಲೇ ಸುರಂಗ ಮಾಡಿ, ಮೈಮೇಲೆ ಕುಸಿದು ಬೀಳುವಂಥ ಬಲೆ ಹೂಡಿದ. ಇದು ಬಡತನದಿಂದ ಬಂದದ್ದಲ್ಲ. 1942ರಲ್ಲಿ ಬ್ಯಾಂಕು ಮನೆ ಖಾಲಿ ಮಾಡಿಸಲು ಬಂದಾಗ ಒಂದೇ ಚೆಕ್‌ನಲ್ಲಿ ಸಾಲ ಚುಕ್ತಾ ಮಾಡಿದ್ದ.

1947ರ ಮಾರ್ಚ್ 21ರಂದು ಪೊಲೀಸರು ಒಳನುಗ್ಗಿದಾಗ ಹೋಮರ್ ಹೆಣವಾಗಿದ್ದ. ಲ್ಯಾಂಗ್ಲಿ ಸಿಕ್ಕಿದ್ದು ಏಪ್ರಿಲ್ 8ಕ್ಕೆ, ಅಣ್ಣನಿಂದ ಹತ್ತೇ ಅಡಿ ದೂರದಲ್ಲಿ. ಅಣ್ಣನಿಗೆ ಊಟ ಒಯ್ಯುವಾಗ ತಾನೇ ಹೂಡಿದ ಬಲೆಗೆ ಸಿಕ್ಕಿ ಸತ್ತಿದ್ದ. ನಂತರ ಅನ್ನ-ನೀರಿಲ್ಲದೆ ಹೋಮರ್ ಸತ್ತ. ಮನೆಯಿಂದ 120 ಟನ್‌ಗೂ ಹೆಚ್ಚು ಸಾಮಾನು ಹೊರಬಂತು, 14 ಪಿಯಾನೋ ಸೇರಿ. ಬೀದಿ ತುಂಬ ಜನ ನಿಂತು ತಮಾಷೆ ನೋಡಿದರು.

ಸತ್ತವರಿಗೆ ಈಗ ಕಾಯಿಲೆಯ ಚೀಟಿ ಅಂಟಿಸೋದು ಸರಿಯಲ್ಲ. ಆದರೆ ಇಂಥ ಸ್ಥಿತಿಗೆ ಇವತ್ತು ಹೆಸರಿದೆ: ಹೋರ್ಡಿಂಗ್ ಡಿಸಾರ್ಡರ್. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಗುರುತಿಸಿತು. ಇದು ಸೋಮಾರಿತನವಲ್ಲ, ಜಿಪುಣತನವೂ ಅಲ್ಲ. ವಸ್ತು ಬಿಸಾಡೋದು ಅಂದರೆ ಆ ಮನುಷ್ಯನಿಗೆ ತಡೆಯಲಾರದ ಸಂಕಟ. ಅದಕ್ಕೇ ಮನೆಯವರು ಅವರಿಲ್ಲದಾಗ ಎಲ್ಲ ಗುಜರಿಗೆ ಹಾಕಿದರೆ ವಾಸಿಯಾಗಲ್ಲ; ನಂಬಿಕೆ ಒಡೆಯುತ್ತೆ, ರಾಶಿ ಮತ್ತೆ ಬೆಳೆಯುತ್ತೆ. ನಿಧಾನಕ್ಕೆ, ಅವರನ್ನೇ ಜೊತೆಗಿಟ್ಟುಕೊಂಡು ನಡೆಸುವ ಮಾತಿನ ಚಿಕಿತ್ಸೆ ಸಹಾಯ ಮಾಡುತ್ತೆ.

ನಮ್ಮ ಗಾವಡಗೆರೆ ಕಡೆ ಅಟ್ಟದ ಮೇಲೆ ಗೋಣಿಚೀಲ, ಖಾಲಿ ಡಬ್ಬ ಎತ್ತಿಡದ ಮನೆ ಕಡಿಮೆ. ಅದು ಕಾಯಿಲೆಯಲ್ಲ, ಕಷ್ಟ ಕಂಡವರ ಮುಂಜಾಗ್ರತೆ. ಆದರೆ ಮಲಗೋಕೆ, ಅಡುಗೆ ಮಾಡೋಕೆ ಜಾಗವಿಲ್ಲದೆ, ನೆಂಟರನ್ನು ಬಾಗಿಲಲ್ಲೇ ತಡೆಯುವ ಸ್ಥಿತಿ ಬಂದರೆ ಸಹಾಯ ಬೇಕು ಅಂತರ್ಥ.

ಲ್ಯಾಂಗ್ಲಿಯ ಬಾಗಿಲಿಗೆ ಬ್ಯಾಂಕು ಬಂತು, ಪೊಲೀಸರು ಬಂದರು, ಚಿಕಿತ್ಸೆ ಮಾತ್ರ ಬರಲಿಲ್ಲ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಅನ್ನುತ್ತೆ. ಟೆಲಿ-ಮಾನಸ್ 14416ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ರಸ್ತೆ, ಚರಂಡಿಗೆ ಪಂಚಾಯ್ತಿಯನ್ನು ಕೇಳುವ ನಾವು, ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕರು ಎಲ್ಲಿ ಅಂತಲೂ ಕೇಳಬೇಕು.