ಸಿಂಧ್ ಪ್ರಾಂತದ ಶಾಹ ಲತೀಫ

ಸಮಾಜ ವಿಜ್ಞಾನ ಕಲಿಸುತ್ತಿದ್ದ ನನಗೆ ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು. ರಾಷ್ಟ್ರಗೀತೆಯಲ್ಲಿ ಸಿಂಧ್ ಇದೆ, ನಕಾಶೆಯಲ್ಲಿ ನೋಡಿದರೆ ಅದು ಪಾಕಿಸ್ತಾನದಲ್ಲಿದೆ, ಯಾಕೆ ಸರ್? 1947ರ ದೇಶವಿಭಜನೆ ಎಂದು ಹೇಳಿ ಪಾಠ ಮುಂದುವರಿಸಬಹುದಿತ್ತು. ನಾನು ಮಾತ್ರ ಶಾಹ ಅಬ್ದುಲ್ ಲತೀಫ ಎಂಬ ಕವಿಯ ಕಥೆ ಹೇಳುತ್ತಿದ್ದೆ. ಸಿಂಧ್ ನಮಗೆ ತೀರ ಪರಸ್ಥಳವೂ ಅಲ್ಲ. 1936ರವರೆಗೆ ಅದೂ ನಮ್ಮ ಧಾರವಾಡ, ಬೆಳಗಾವಿ ಜಿಲ್ಲೆಗಳೂ ಒಂದೇ ಮುಂಬಯಿ ಇಲಾಖೆಯಲ್ಲಿದ್ದವು.

ಲತೀಫರು ಹುಟ್ಟಿದ್ದು ಹಾಲಾ ಎಂಬ ಊರಿನ ಹತ್ತಿರ, 1689ರ ಸುಮಾರಿಗೆ. ಸೈಯದರ ಮನೆತನ. ಮುತ್ತಜ್ಜನ ತಂದೆ ಶಾಹ ಕರೀಮರೂ ಕವಿಗಳು. ಹರೆಯದಲ್ಲಿ ಲತೀಫರು ಒಬ್ಬ ಮೊಗಲ ಸರದಾರನ ಮಗಳನ್ನು ಮೆಚ್ಚಿದರು. ಆಕೆಯ ತಂದೆ ಒಪ್ಪಲಿಲ್ಲ. ಮನಸ್ಸು ಮುರಿದು ಮನೆ ಬಿಟ್ಟ ಹುಡುಗ ಮೂರು ವರ್ಷ ಜೋಗಿಗಳ ಜೊತೆ ತಿರುಗಿದನೆಂದು ಹೇಳುತ್ತಾರೆ. ಹಿಂಗಲಾಜ ದೇವಿಯ ಕ್ಷೇತ್ರ, ದ್ವಾರಕೆ, ಗಿರನಾರ, ಥರ್ ಮರುಭೂಮಿ, ಎಲ್ಲವನ್ನೂ ಕಾಲ್ನಡಿಗೆಯಲ್ಲಿ ಕಂಡ. ಮುಸಲ್ಮಾನ ಸಂತನೊಬ್ಬ ಜೋಗಿಗಳ ಬಗ್ಗೆ ಅಷ್ಟು ಪ್ರೀತಿಯಿಂದ ಹಾಡಿದ್ದು ಈ ಅಲೆದಾಟದ ಫಲವೇ ಇರಬೇಕು. ಗೋವಿಂದ ಭಟ್ಟರ ಶಿಷ್ಯರಾದ ಶಿಶುನಾಳ ಷರೀಫರ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ಮರಳಿದ ಮೇಲೆ ಮೆಚ್ಚಿದವಳೊಡನೆಯೇ ಮದುವೆಯಾಯಿತು. ಮಕ್ಕಳು ಉಳಿಯಲಿಲ್ಲ.

ಮುಂದೆ ಒಂದು ಮರಳುದಿಬ್ಬವನ್ನು ಆರಿಸಿಕೊಂಡು, ಶಿಷ್ಯರೊಡನೆ ತಾವೂ ಮಣ್ಣು ಹೊತ್ತು ನೆಲೆ ಕಟ್ಟಿದರು. ಸಿಂಧಿಯಲ್ಲಿ ಭಿಟ್ ಎಂದರೆ ಮರಳುದಿಬ್ಬ. ಆ ಊರೇ ಭಿಟ್ ಶಾಹ. ತಮ್ಮ ಹಾಡಿಗೆ ಒಪ್ಪುವಂತೆ ಐದು ತಂತಿಯ ದಂಬೂರೊ ಎಂಬ ವಾದ್ಯವನ್ನೂ ರೂಪಿಸಿದರು.

ಆಗ ದರಬಾರಿನ ಭಾಷೆ ಪಾರಸಿ. ಓದಿದವರೆಲ್ಲ ಪಾರಸಿಯಲ್ಲಿ ಬರೆಯುತ್ತಿದ್ದಾಗ ಲತೀಫರು ದನಗಾಹಿ, ಬೆಸ್ತ, ನೂಲುವ ಹೆಂಗಸು ಆಡುವ ಸಿಂಧಿಯಲ್ಲಿ ಹಾಡಿದರು. ಅವರ ಕಾವ್ಯ ಶಾಹ ಜೋ ರಿಸಾಲೊ. ಅದರ ಭಾಗಗಳಿಗೆ ಸುರ್ ಎನ್ನುತ್ತಾರೆ. ಯಮನ್ ಕಲ್ಯಾಣ, ರಾಮಕಲಿ, ಸಾರಂಗ ಎಂದು ನಮ್ಮ ಗವಾಯಿಗಳ ಬಾಯಲ್ಲಿರುವ ಹೆಸರುಗಳೇ ಅಲ್ಲಿಯೂ ಇವೆ.

ನಮ್ಮ ವರ್ಗದಲ್ಲಿ ಹುಡುಗಿಯರು ಮತ್ತೆ ಮತ್ತೆ ಕೇಳುತ್ತಿದ್ದುದು ಮಾರುಯಿಯ ಕಥೆ. ಅವಳು ಮಳೀರ ಸೀಮೆಯ ಕುರಿಗಾಹಿ ಹುಡುಗಿ. ಬಾವಿಗೆ ನೀರಿಗೆ ಹೋದವಳನ್ನು ಅರಸ ಉಮರ ಹೊತ್ತೊಯ್ದು ಉಮರಕೋಟೆಯಲ್ಲಿ ಇಟ್ಟ. ರೇಷ್ಮೆ ಕೊಟ್ಟ, ಒಡವೆ ಕೊಟ್ಟ. ಅವಳು ತನ್ನ ಹರಕು ಕಂಬಳಿ ಬಿಡಲಿಲ್ಲ, ತಲೆ ಬಾಚಲಿಲ್ಲ. ಊರಲ್ಲಿ ಮಳೆಯಾಯಿತೇ, ನಮ್ಮವರು ಹೇಗಿದ್ದಾರೆ ಎಂದೇ ಹಂಬಲಿಸಿದಳು. ಸತ್ತರೆ ಹೆಣವನ್ನಾದರೂ ಮಳೀರಕ್ಕೆ ಮುಟ್ಟಿಸಿ ಎಂದು ಬೇಡಿದಳು. ಕೊನೆಗೆ ಅರಸನೇ ಸೋತು ಅವಳನ್ನು ಕಳಿಸಿಕೊಟ್ಟ. ರಿಸಾಲೊದಲ್ಲಿ ದೊಡ್ಡವರೆನಿಸಿಕೊಳ್ಳುವವರು ಅರಸರಲ್ಲ, ಇಂಥ ಹೆಣ್ಣುಮಕ್ಕಳು. ನನಗೆ ಲತೀಫರು ಇಷ್ಟವಾಗುವುದು ಇದಕ್ಕೇ.

1752ರಲ್ಲಿ ಅವರು ತೀರಿಕೊಂಡರು. ದೊರೆ ಗುಲಾಮ್ ಶಾಹ ಕಲ್ಹೋರೊ ಗೋರಿ ಕಟ್ಟಿಸಿದ. ಶಿಷ್ಯರ ಬಾಯಲ್ಲೂ ಕೈಬರಹದ ಪ್ರತಿಗಳಲ್ಲೂ ಉಳಿದ ಕಾವ್ಯವನ್ನು ಮೊದಲು ಅಚ್ಚು ಹಾಕಿಸಿದವರು ಎರ್ನೆಸ್ಟ್ ಟ್ರಂಪ್ ಎಂಬ ಜರ್ಮನ್ ವಿದ್ವಾಂಸ. 1866ರಲ್ಲಿ, ದೂರದ ಲೈಪ್ಜಿಗ್ ನಗರದಲ್ಲಿ!

ವಿಭಜನೆಯಾದಾಗ ಲಕ್ಷಾಂತರ ಸಿಂಧಿ ಹಿಂದೂಗಳು ಮನೆ, ಹೊಲ, ಅಂಗಡಿ ಬಿಟ್ಟು ಬಂದರು. ಮುಂಬಯಿ ಹತ್ತಿರ ಕಲ್ಯಾಣದ ಮಿಲಿಟರಿ ಶಿಬಿರಗಳಲ್ಲಿ ಉಳಿದರು. ಅದೇ ಇಂದಿನ ಉಲ್ಹಾಸನಗರ. ಪಂಜಾಬಿಗಳಿಗೆ, ಬಂಗಾಲಿಗಳಿಗೆ ಅರ್ಧ ನಾಡಾದರೂ ಸಿಕ್ಕಿತು. ಸಿಂಧಿಗಳಿಗೆ ಈ ಕಡೆ ಒಂದು ಜಿಲ್ಲೆಯೂ ಇಲ್ಲ. ಅವರ ಭಾಷೆ ಸಂವಿಧಾನದ 8ನೇ ಅನುಸೂಚಿ ಸೇರಲು 1967ರ ಏಪ್ರಿಲ್ 10ರವರೆಗೆ ಕಾಯಬೇಕಾಯಿತು. ಅರಬಿ ಮೂಲದ ಲಿಪಿಯಲ್ಲಿ ಬರೆಯಬೇಕೋ ದೇವನಾಗರಿಯಲ್ಲೋ ಎಂಬ ಜಗಳ ಬೇರೆ. ಮಕ್ಕಳು ಬೇರೆ ಭಾಷೆಗಳ ಶಾಲೆಗೆ ಹೋದರು, ಎಷ್ಟೋ ಮನೆಗಳಲ್ಲಿ ರಿಸಾಲೊ ಓದಬಲ್ಲವರು ಅಜ್ಜ ಅಜ್ಜಿ ಮಾತ್ರ ಉಳಿದರು. ಊರಿಗೆ ಮರಳಲಾಗದ ಆ ಹಿರಿಯರಿಗೆ ಮಾರುಯಿ ಹಳೆಯ ಕಥೆಯಾಗಿರಲಿಲ್ಲ.

ಭಿಟ್ ಶಾಹದಲ್ಲಿ ಇಂದಿಗೂ ರಾತ್ರಿ ಕಪ್ಪು ಬಟ್ಟೆಯ ಫಕೀರರು ಗೋರಿಯ ಮುಂದೆ ಕೂತು ದಂಬೂರೊ ಮೀಟಿ ಹಾಡುತ್ತಾರೆ. ಗಂಡಸರೇ ಆದರೂ ಎತ್ತರದ ಹೆಣ್ಣುದನಿ ತೆಗೆದು ಹಾಡುತ್ತಾರೆ.