ಚೀನಾದ ದಂಡಸಂಹಿತೆ ತಿದ್ದಿದ ಷೆನ್ ಜಿಯಾಬೆನ್

ಅಪರಾಧಿಯನ್ನು ಜನರೆದುರು ಕಂಬಕ್ಕೆ ಕಟ್ಟಿ, ಚೂರಿಯಿಂದ ದೇಹವನ್ನು ತುಂಡುತುಂಡಾಗಿ ಕೊಯ್ದು ಕೊಲ್ಲುವ ಲಿಂಗ್‌ಚಿ ಎಂಬ ಶಿಕ್ಷೆ ಚೀನಾದಲ್ಲಿ 1905ರವರೆಗೂ ಜಾರಿಯಲ್ಲಿತ್ತು. ಅದನ್ನು ಶಾಸನದಿಂದ ತೆಗೆಸಿದವರು, ಅದೇ ಶಾಸನದ ಕಡತಗಳ ನಡುವೆ ಸುಮಾರು ಮೂರು ದಶಕ ದುಡಿದಿದ್ದ ವೃದ್ಧ ಅಧಿಕಾರಿ ಷೆನ್ ಜಿಯಾಬೆನ್.

1840ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ಹುಝೌನಲ್ಲಿ ಜನಿಸಿದ ಷೆನ್, ತಂದೆಯಂತೆಯೇ ಬೀಜಿಂಗ್‌ನ ದಂಡನಾ ಇಲಾಖೆ ಸೇರಿದರು. ಅತ್ಯುನ್ನತ ರಾಜ್ಯ ಪರೀಕ್ಷೆಯಲ್ಲಿ ಉತ್ತೀರ್ಣರಾದಾಗ ಅವರಿಗೆ 43 ವರ್ಷ. 1900ರಲ್ಲಿ ಬಾಕ್ಸರ್ ದಂಗೆ ಅಡಗಿಸಲು ಬಂದ ವಿದೇಶಿ ಸೇನೆಗಳು ಬಾವೋಡಿಂಗ್ ನಗರವನ್ನು ವಶಪಡಿಸಿಕೊಂಡು, ಅಲ್ಲಿ ಅಧಿಕಾರಿಯಾಗಿದ್ದ ಷೆನ್ ಅವರನ್ನೂ ಸೆರೆಯಲ್ಲಿಟ್ಟವು. ಅವರ ಸಹೋದ್ಯೋಗಿಯ ಶಿರಚ್ಛೇದವಾಯಿತು. ಷೆನ್ ಬದುಕುಳಿದರು.

ಆಗ ಚೀನಾದ ನೆಲದಲ್ಲಿ ಅಪರಾಧವೆಸಗಿದ ಬ್ರಿಟಿಷರನ್ನು ವಿಚಾರಿಸುವ ಅಧಿಕಾರ ಚೀನೀ ನ್ಯಾಯಾಲಯಗಳಿಗಿರಲಿಲ್ಲ. ಕಾನೂನು ಸುಧಾರಣೆಯಾದರೆ ಈ ವಿಶೇಷ ಹಕ್ಕನ್ನು ಬಿಟ್ಟುಕೊಡುವುದಾಗಿ 1902ರ ಒಪ್ಪಂದದಲ್ಲಿ ಬ್ರಿಟನ್ ಒಪ್ಪಿತು. ಅದೇ ವರ್ಷ ಷೆನ್ ಹಾಗೂ ಲಂಡನ್‌ನಲ್ಲಿ ಬ್ಯಾರಿಸ್ಟರ್ ಆಗಿದ್ದ ವು ಟಿಂಗ್‌ಫಾಂಗ್ ಅವರಿಗೆ ಆಸ್ಥಾನವು ಕಾನೂನು ಪರಿಷ್ಕರಣೆಯ ಹೊಣೆ ವಹಿಸಿತು.

1905ರಲ್ಲಿ ಲಿಂಗ್‌ಚಿ ಜತೆಗೆ ಕತ್ತರಿಸಿದ ತಲೆಯನ್ನು ಪ್ರದರ್ಶಿಸುವುದು, ಶವಕ್ಕೂ ದಂಡನೆ ವಿಧಿಸುವುದು, ಒಬ್ಬನ ತಪ್ಪಿಗೆ ಬಂಧುಗಳನ್ನು ಶಿಕ್ಷಿಸುವುದು, ಅಪರಾಧಿಯ ಮೈಮೇಲೆ ಹಚ್ಚೆ ಹಾಕುವುದು ರದ್ದಾದವು. ಷೆನ್ ಇದಕ್ಕೆ ಪಶ್ಚಿಮದ ಗ್ರಂಥಗಳನ್ನಷ್ಟೇ ಆಧಾರವಾಗಿ ಕೊಡಲಿಲ್ಲ. ಟಾಂಗ್ ರಾಜವಂಶದ ಸಂಹಿತೆಯಲ್ಲಿ ಲಿಂಗ್‌ಚಿಯೇ ಇರಲಿಲ್ಲವೆಂದು ತೋರಿಸಿಕೊಟ್ಟರು. ಸಂಪ್ರದಾಯವಾದಿಗಳ ಬಾಯಿ ಕಟ್ಟಲು ಇದಕ್ಕಿಂತ ಜಾಣ ವಾದ ಇರಲಾರದು.

ಆದರೆ ಆ ವಾದ ಎಲ್ಲೆಡೆ ನಡೆಯಲಿಲ್ಲ. ವಕೀಲರಿಗೂ ಜ್ಯೂರಿಗೂ ಅವಕಾಶವಿದ್ದ 1906ರ ವಿಚಾರಣಾ ಕಾನೂನಿನ ಕರಡು, ಝಾಂಗ್ ಝಿಡಾಂಗ್ ಅವರಂಥ ಪ್ರಬಲರ ವಿರೋಧದಿಂದ ಮೂಲೆ ಸೇರಿತು. ಜಪಾನಿನ ತಜ್ಞ ಒಕಾಡಾ ಅಸಟಾರೊ ನೆರವಿನಿಂದ ಸಿದ್ಧವಾದ ಹೊಸ ದಂಡಸಂಹಿತೆಯಂತೂ ಮನೆಯೊಳಗಿನ ಪ್ರಶ್ನೆಗಳನ್ನೇ ಕೆದಕಿತು. ತಂದೆ ಹಲ್ಲೆ ಮಾಡಿದರೆ ಮಗನಿಗೆ ಆತ್ಮರಕ್ಷಣೆಯ ಹಕ್ಕುಂಟೇ? ಅವಿವಾಹಿತೆಯೊಬ್ಬಳ ಸಮ್ಮತಿಯ ಸಂಬಂಧ ಅಪರಾಧವೇ? ಎರಡನೆಯದು ನೀತಿಯ ವಿಷಯ, ಶಿಕ್ಷೆಯದಲ್ಲ ಎಂಬುದು ಷೆನ್ ನಿಲುವು. ಅವರು ಉಪಾಧ್ಯಕ್ಷರಾಗಿದ್ದ, 1910ರಲ್ಲಿ ಸೇರಿದ ಸಲಹಾ ಶಾಸನಸಭೆಯಲ್ಲೇ ಇದರ ಮೇಲೆ ಕಾದಾಟ ನಡೆಯಿತು. 1911ರ ಜನವರಿಯಲ್ಲಿ ಸಂಹಿತೆ ಪ್ರಕಟವಾಯಿತಾದರೂ, ಸಂಪ್ರದಾಯಸ್ಥರ ಪಟ್ಟಿನಂತೆ ಐದು ಹೆಚ್ಚುವರಿ ವಿಧಿಗಳು ಅದಕ್ಕೆ ಅಂಟಿಕೊಂಡವು. ಅದೇ ವರ್ಷ ಷೆನ್ ಸಭೆಯ ಸ್ಥಾನವನ್ನೂ ಪರಿಷ್ಕರಣೆಯ ಹೊಣೆಯನ್ನೂ ಬಿಡಬೇಕಾಯಿತು.

1912ರಲ್ಲಿ ರಾಜಪ್ರಭುತ್ವ ಕುಸಿದಾಗ ಹೊಸ ಗಣರಾಜ್ಯಕ್ಕೆ ತನ್ನದೇ ದಂಡಸಂಹಿತೆ ಇರಲಿಲ್ಲ. ಆ ಐದು ವಿಧಿಗಳನ್ನೂ ಚಕ್ರವರ್ತಿಗೆ ಸಂಬಂಧಿಸಿದ ಭಾಗಗಳನ್ನೂ ಕೈಬಿಟ್ಟು, ಷೆನ್ ಅವರ ಸಂಹಿತೆಯನ್ನೇ ಅದು ಜಾರಿಗೆ ತಂದಿತು. ಬೀಜಿಂಗ್‌ನ ಜಿನ್‌ಜಿಂಗ್ ಓಣಿಯ ಮನೆಯಲ್ಲಿ ಪುಸ್ತಕಗಳ ನಡುವೆ ಕೊನೆಯ ದಿನಗಳನ್ನು ಕಳೆದ ಅವರು 1913ರಲ್ಲಿ ತೀರಿಕೊಂಡರು. ಮರುವರ್ಷವೇ ಅಧ್ಯಕ್ಷ ಯುವಾನ್ ಶಿಕಾಯ್ ಸರ್ಕಾರ ಹೆತ್ತವರ ಹಾಗೂ ಅವಿವಾಹಿತೆಯರ ಕುರಿತ ಆ ನಿರ್ಬಂಧಗಳನ್ನು ಮತ್ತೆ ಹೇರಿತು. ಬ್ರಿಟನ್ ತನ್ನ ವಿಶೇಷ ಹಕ್ಕನ್ನು ಬಿಟ್ಟುಕೊಟ್ಟದ್ದು 1943ರಲ್ಲಿ.