ಗೂಢಚಾರನಾದ ಕಥೆಗಾರ

ಹಾಸ್ಟೆಲಿನಲ್ಲಿ ಕೋಣೆಯಿಂದ ಕೋಣೆಗೆ ಕೈಬದಲಾಗುತ್ತ, ರಟ್ಟು ಕಳಚಿ, ಕೊನೆಯ ನಾಲ್ಕು ಹಾಳೆಗಳನ್ನು ಕಳೆದುಕೊಂಡು ತಿರುಗುವ ಪತ್ತೇದಾರಿ ಕಾದಂಬರಿಗಳನ್ನು ಬಲ್ಲ ಮಿತ್ರರಿಗೆ ಅವುಗಳ ಕಥಾಸರಣಿಯೂ ಗೊತ್ತು. ವೇಷ ಮರೆಸಿಕೊಂಡ ಗೂಢಚಾರ ಪರದೇಶಕ್ಕೆ ಹೋಗುತ್ತಾನೆ; ಹಿಂದೊಮ್ಮೆ ಪ್ರೀತಿಸಿ ಅಗಲಿದ ಹೆಣ್ಣು ಅಲ್ಲಿ ಎದುರಾಗುತ್ತಾಳೆ; ಗುಂಡಿನ ಸದ್ದಿನ ನಡುವೆ ಹಳೆಯ ಪ್ರೇಮ ಮತ್ತೆ ಚಿಗುರುತ್ತದೆ. ಇಂಥ ಸನ್ನಿವೇಶದಲ್ಲಿ ನಿಜವಾಗಿಯೇ ನಿಂತಿದ್ದ ಲೇಖಕನೊಬ್ಬನುಂಟು. ಆದರೆ ಆತ ಬರೆದ ಕಥೆಯಲ್ಲಿ ಪ್ರೇಮ ಚಿಗುರಲಿಲ್ಲ. ಆತನೇ ವಿಲಿಯಂ ಸಾಮರ್‌ಸೆಟ್ ಮಾಮ್.

ಮಾಮ್ ಹುಟ್ಟಿದ್ದು 1874ನೆಯ ಇಸವಿ ಜನವರಿ 25ರಂದು, ಪ್ಯಾರಿಸ್ಸಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ. ತಂದೆ ವಕೀಲ. ಎಂಟನೆಯ ವಯಸ್ಸಿಗೆ ತಾಯಿ ಕ್ಷಯದಿಂದ ತೀರಿಕೊಂಡಳು. ಹತ್ತನೆಯ ವಯಸ್ಸಿಗೆ ತಂದೆಯೂ ಹೋದ. ಫ್ರೆಂಚನ್ನೇ ತಾಯ್ನುಡಿಯಂತೆ ಆಡುತ್ತಿದ್ದ ಹುಡುಗ ಇಂಗ್ಲೆಂಡಿನ ವಿಟ್‌ಸ್ಟಬಲ್ ಎಂಬ ಊರಿನಲ್ಲಿ ಪಾದ್ರಿಯಾಗಿದ್ದ ಚಿಕ್ಕಪ್ಪನ ಮನೆ ಸೇರಿದ. ಆಗ ಅಂಟಿಕೊಂಡ ಉಗ್ಗು ಸಾಯುವ ತನಕ ಬಿಡಲಿಲ್ಲ. ಮಾತು ತಡೆಯುವ ಹುಡುಗನಿಗೆ ಉಳಿದದ್ದು ಕೇಳುವುದು ಮತ್ತು ನೋಡುವುದು. ಮುಂದೆ ಅವನಿಗೆ ಒದಗಿದ ಎರಡು ಕಸುಬುಗಳಿಗೂ ಅದೇ ಬಂಡವಾಳವಾಯಿತೆಂದು ನನಗೆ ತೋರುತ್ತದೆ.

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯವಿದ್ಯೆ ಕಲಿತು 1897ರಲ್ಲಿ ತೇರ್ಗಡೆಯಾದ. ಅದೇ ವರ್ಷ ಮೊದಲ ಕಾದಂಬರಿ ಹೊರಬಂತು, ವೈದ್ಯಕ್ಕೆ ಕೈಮುಗಿದ. 1908ರಲ್ಲಿ ಏಕಕಾಲಕ್ಕೆ ಅವನ ನಾಲ್ಕು ನಾಟಕಗಳು ಲಂಡನ್ನಿನ ರಂಗಮಂದಿರಗಳಲ್ಲಿ ನಡೆಯುತ್ತಿದ್ದವು.

ಮೊದಲನೆಯ ಮಹಾಯುದ್ಧ ಬಂತು. 1915ರಲ್ಲಿ ಜಾನ್ ವಾಲಿಂಜರ್ ಎಂಬ ಅಧಿಕಾರಿ ಮಾಮ್‌ನನ್ನು ಬೇಹುಗಾರಿಕೆಗೆ ಸೇರಿಸಿಕೊಂಡ. ಈ ಹೆಸರನ್ನು ನಾವು ಗಮನಿಸಬೇಕು. ವಾಲಿಂಜರ್ ಭಾರತದ ಪೊಲೀಸ್ ಇಲಾಖೆಯವನು; ಯೂರೋಪಿನಲ್ಲಿದ್ದ ನಮ್ಮ ಕ್ರಾಂತಿಕಾರಿಗಳ ಮೇಲೆ ಕಣ್ಣಿಡಲೆಂದೇ ಲಂಡನ್ನಿಗೆ ಬಂದಿದ್ದವನು. ಮಾಮ್ ಸ್ವಿಟ್ಸರ್ಲೆಂಡಿನ ಜಿನೀವಾದಲ್ಲಿ ಬಿಡಾರ ಹೂಡಿದ. ನಾಟಕ ಬರೆಯಲು ಪ್ರಶಾಂತವಾದ ಜಾಗ ಬೇಕೆಂಬುದು ನೆಪ. ನಾಟಕವನ್ನೂ ಬರೆಯುತ್ತಿದ್ದನಾದ್ದರಿಂದ ನೆಪ ಸುಳ್ಳೂ ಅಲ್ಲ. ಆ ತಟಸ್ಥ ದೇಶದ ಪೊಲೀಸರಿಗೆ ಸಿಕ್ಕಿಬಿದ್ದರೆ ಸೆರೆಮನೆ. ಕೆಲಸವೋ ಬಹುಮಟ್ಟಿಗೆ ಗುಮಾಸ್ತೆಯದು: ವರದಿಗಳನ್ನು ಕಲೆಹಾಕುವುದು, ಸಂಕೇತಲಿಪಿಗೆ ಇಳಿಸುವುದು, ಸರೋವರ ದಾಟಿ ಫ್ರಾನ್ಸಿನ ದಡಕ್ಕೆ ಮುಟ್ಟಿಸುವುದು.

ಎರಡನೆಯ ಕರೆ 1917ರಲ್ಲಿ ಬಂತು. ರಷ್ಯ ಯುದ್ಧದಿಂದ ಹಿಂದೆ ಸರಿಯದಂತೆ, ಬೊಲ್ಷೆವಿಕರು ಗೆಲ್ಲದಂತೆ ನೋಡಿಕೊಳ್ಳಬೇಕು! ಒಬ್ಬ ನಾಟಕಕಾರನ ಹೆಗಲಿಗೆ ಇಷ್ಟು ದೊಡ್ಡ ಹೊರೆ. ಅಮೆರಿಕದಿಂದ ಜಪಾನಿನ ಮೇಲೆ ವ್ಲಾಡಿವಾಸ್ಟಾಕ್ ಸೇರಿ, ಸೈಬೀರಿಯದ ರೈಲಿನಲ್ಲಿ ಪೆಟ್ರೋಗ್ರಾಡಿಗೆ ಬಂದ. ಅಲ್ಲಿ ಎದುರಾದವಳು ಸಾಶಾ ಕ್ರೊಪೊಟ್ಕಿನ್. ಪ್ರಸಿದ್ಧ ಅರಾಜಕತಾವಾದಿ ಪೀಟರ್ ಕ್ರೊಪೊಟ್ಕಿನ್ನನ ಮಗಳು. ಯುದ್ಧಕ್ಕೆ ಮುಂಚೆ ಲಂಡನ್ನಿನಲ್ಲಿ ಅವರಿಬ್ಬರಿಗೂ ಪ್ರಣಯವಿತ್ತೆಂದು ಮಾಮ್‌ನ ಚರಿತ್ರಕಾರರು ಬರೆಯುತ್ತಾರೆ. ಈಗ ಅವಳು ದುಭಾಷಿಯಾದಳು, ಪ್ರಧಾನಿ ಕೆರೆನ್ಸ್ಕಿಯ ಬಾಗಿಲು ತೆರೆಸಿದಳು. ಹಳೆಯ ಒಲವು ಸರಕಾರಿ ಕೆಲಸದ ಸಲಕರಣೆಯಾಯಿತು.

ಕೆರೆನ್ಸ್ಕಿ ಕೊನೆಗೆ ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜನಿಗೆ ಒಂದು ಗುಟ್ಟಿನ ಸಂದೇಶ ಕೊಟ್ಟು ಕಳಿಸಿದ; ಕಾಗದದ ಮೇಲೆ ಇಳಿಸಕೂಡದೆಂಬ ಷರತ್ತು. ಆದರೆ ಪ್ರಧಾನಿಯ ಮುಂದೆ ನಾಲಗೆ ಎಲ್ಲಿ ಕೈಕೊಡುವುದೋ ಎಂಬ ಅಳುಕಿನಿಂದ ಮಾಮ್ ಅದನ್ನು ಬರೆದುಕೊಂಡೇ ಹೋಗಿ ಕೈಗಿತ್ತ. ಬಾಲ್ಯದ ಉಗ್ಗು ಅಲ್ಲಿಗೂ ಹಿಂಬಾಲಿಸಿತ್ತು. ಲಾಯ್ಡ್ ಜಾರ್ಜ್ ಆಗದೆಂದುಬಿಟ್ಟ. ಆ ನವೆಂಬರಿನಲ್ಲಿಯೇ ಅಧಿಕಾರ ಬೊಲ್ಷೆವಿಕರ ಕೈಸೇರಿತು. ಮಾಮ್ ಕ್ಷಯರೋಗಿಯಾಗಿ ಸ್ಕಾಟ್ಲೆಂಡಿನ ಆರೋಗ್ಯಧಾಮ ಸೇರಿದ.

ಅವನ ಸ್ವಂತ ಬದುಕೂ ಮರೆಸಿಕೊಂಡ ವೇಷವೇ. 1917ರಲ್ಲಿ ಸಿರಿ ಎಂಬವಳನ್ನು ಮದುವೆಯಾದ, ಮುಂದೆ ಬಿಟ್ಟ. 1944ರಲ್ಲಿ ಸಾಯುವ ತನಕ ಒಡನಾಡಿಯಾಗಿದ್ದವನು ಜೆರಾಲ್ಡ್ ಹ್ಯಾಕ್ಸ್‌ಟನ್. ಗಂಡಸು ಗಂಡಸಿನಲ್ಲಿ ಒಲವಿಟ್ಟು ಕೂಡಿದರೆ ಅದು ಇಂಗ್ಲೆಂಡಿನ ಕಾನೂನಿನಲ್ಲಿ ಅಪರಾಧ. ಆ ಕಾನೂನು ಸಡಿಲವಾದದ್ದು 1967ರಲ್ಲಿ. ಮಾಮ್ ಫ್ರಾನ್ಸಿನ ನೀಸ್ ನಗರದಲ್ಲಿ ತೀರಿಕೊಂಡದ್ದು 1965ರ ಡಿಸೆಂಬರ್ 16ರಂದು. ಅಡಗಿಸಿಟ್ಟ ಒಲವಿನ ಸಂಕಟ ಅವನಿಗೆ ಪುಸ್ತಕದಿಂದ ತಿಳಿದದ್ದಲ್ಲ.

ಬೇಹುಗಾರಿಕೆಯ ಅನುಭವಗಳು 1928ರಲ್ಲಿ ‘ಆಶೆಂಡನ್’ ಎಂಬ ಕಥಾಸಂಕಲನವಾದವು. ಅದರಲ್ಲಿ ಸಾಶಾಳೇ ಅನಸ್ತಾಸಿಯಳಾಗಿ ಬರುತ್ತಾಳೆ. ಪೆಟ್ರೋಗ್ರಾಡಿನಲ್ಲಿ ಅವಳನ್ನು ಮತ್ತೆ ಕಂಡ ಆಶೆಂಡನ್ನನ ಎದೆ ಮಿಡಿಯುವುದಿಲ್ಲ. ಹಿಂದೆ ಪ್ಯಾರಿಸ್ಸಿನಲ್ಲಿ ಒಟ್ಟಿಗಿದ್ದ ಒಂದು ವಾರವೂ ಅವಳು ಬೆಳಗಿನ ತಿಂಡಿಗೆ ಅದೇ ಕದಡಿದ ಮೊಟ್ಟೆಯನ್ನೇ ತರಿಸುತ್ತಿದ್ದುದು ನೆನಪಾಗುತ್ತದೆ. ನಗು ಬರುತ್ತದೆ, ನಿಜ. ಪ್ರೇಮಕ್ಕೆ ಪೋಷಾಕು ತೊಡಿಸುವ ಹತ್ತು ಕಾದಂಬರಿಗಳಿಗಿಂತ ಈ ಮೊಟ್ಟೆಯನ್ನು ನಾನು ಹೆಚ್ಚು ನಂಬುತ್ತೇನೆ.

ಭಾರತೀಯರಾದ ನಾವು ನಗದೆ ಓದಬೇಕಾದ ಕಥೆ ಬೇರೊಂದಿದೆ. ಅದರಲ್ಲಿ ಚಂದ್ರಲಾಲ್ ಎಂಬ ಭಾರತೀಯ ಕ್ರಾಂತಿಕಾರಿ ಜೂಲಿಯಾ ಲಜ್ಜಾರಿ ಎಂಬ ನರ್ತಕಿಯನ್ನು ಪ್ರೀತಿಸುತ್ತಾನೆ. ಸರೋಜಿನಿ ನಾಯ್ಡು ಅವರ ಸಹೋದರ ವೀರೇಂದ್ರನಾಥ ಚಟ್ಟೋಪಾಧ್ಯಾಯರೇ ಆ ಪಾತ್ರದ ಮೂಲವೆಂದು ವಿದ್ವಾಂಸರು ಹೇಳುತ್ತಾರೆ. ನಿಜವಾದ ವೀರೇಂದ್ರನಾಥರು ಬ್ರಿಟಿಷರ ಕೈಗೆ ಸಿಗಲಿಲ್ಲ. 1937ರಲ್ಲಿ ಸ್ಟಾಲಿನ್ನನ ರಷ್ಯದಲ್ಲಿ ಹತರಾದರು. ಕಥೆಯ ಚಂದ್ರಲಾಲನನ್ನು ಹಿಡಿಯಲು ಆಶೆಂಡನ್ ಆ ನರ್ತಕಿಗೆ ಸೆರೆಮನೆಯ ಭಯ ತೋರಿಸಿ, ಪ್ರೇಮಪತ್ರಗಳನ್ನು ತಾನೇ ಹೇಳಿ ಬರೆಸುತ್ತಾನೆ. ಚಂದ್ರಲಾಲನ ಧೈರ್ಯವನ್ನು ಮೆಚ್ಚುತ್ತಲೇ ಬರೆಸುತ್ತಾನೆ. ಮಾಮ್ ಈ ನೀಚತನಕ್ಕೆ ಎಲ್ಲಿಯೂ ಸಬೂಬು ಹೇಳುವುದಿಲ್ಲ. ಹಾಗೆಂದು ಕಣ್ಣೀರೂ ಸುರಿಸುವುದಿಲ್ಲ. ಪತ್ರ ನಂಬಿ ಸರೋವರ ದಾಟಿ ಬಂದ ಚಂದ್ರಲಾಲ್ ಸೆರೆಸಿಕ್ಕ ಕ್ಷಣದಲ್ಲಿಯೇ ವಿಷ ನುಂಗುತ್ತಾನೆ. ಗೋಳಾಡಿದ ಜೂಲಿಯಾ, ಎಲ್ಲ ಮುಗಿದ ಮೇಲೆ, ತಾನು ಅವನಿಗೆ ಕೊಟ್ಟಿದ್ದ ಹನ್ನೆರಡು ಪೌಂಡಿನ ಕೈಗಡಿಯಾರವನ್ನು ಹಿಂದಕ್ಕೆ ಕೇಳುತ್ತಾಳೆ.